ಸಂಘ ಕಟ್ಟಿದವರ ಕಥೆ: ಬೆಂಗಳೂರಿನ 'ಸಂಗಮ' ಮತ್ತು ಗಡಿಯ ಈಚೆಗಿರುವ ನಾವು

ಸಮಾಜ ಪಾಠ ಮಾಡುವ ನಮ್ಮಂಥ ಮೇಷ್ಟ್ರುಗಳಿಗೆ ಸಂಘಗಳ ಇಸವಿಗಳೆಲ್ಲ ಬಾಯಿಪಾಠ. ಬ್ರಹ್ಮಸಮಾಜ 1828, ಆರ್ಯಸಮಾಜ 1875, ಕಾಂಗ್ರೆಸ್ 1885. ಮಕ್ಕಳು ಒಪ್ಪಿಸುತ್ತಾರೆ, ನಾವು ಅಂಕ ಹಾಕುತ್ತೇವೆ. ಆದರೆ ಒಂದು ಸಂಘ ಹೇಗೆ ಹುಟ್ಟುತ್ತದೆ, ಮೊದಲು ಯಾರು ಬಂದರು, ಯಾವ ಭಾಷೆಯಲ್ಲಿ ಮಾತಾಡಿದರು, ಯಾಕೆ ಕೆಲವು ಬೆಳೆಯುತ್ತವೆ ಕೆಲವು ಒಣಗುತ್ತವೆ... ಇದನ್ನು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ನಮ್ಮ ಕಾಲದಲ್ಲೇ, ನಮ್ಮ ಭಾಷೆಯ ನಾಡಿನಲ್ಲೇ ಕಟ್ಟಿದ ಒಂದು ಸಂಘದ ಚರಿತ್ರೆಯನ್ನು ಈ ಸಲ ನೋಡೋಣ. ಅದು ಬೆಂಗಳೂರಿನ 'ಸಂಗಮ'. ಲೈಂಗಿಕ ಅಲ್ಪಸಂಖ್ಯಾತರ ಸಂಸ್ಥೆ.

ಲೈಂಗಿಕ ಅಲ್ಪಸಂಖ್ಯಾತರು ಅಂದರೆ ಯಾರು? ಹಿಜ್ರಾಗಳು, ಜೋಗಪ್ಪಗಳು, ಗಂಡಾಗಿ ಹುಟ್ಟಿ ಹೆಣ್ಣಿನ ನಡೆನುಡಿ ಇರುವ, ತಮ್ಮನ್ನು ತಾವು 'ಕೋಥಿ' ಅಂದುಕೊಳ್ಳುವವರು, ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುವವರು, ತಮ್ಮದೇ ಲಿಂಗದವರನ್ನು ಪ್ರೀತಿಸುವ ಗಂಡಸರು ಮತ್ತು ಹೆಂಗಸರು. ಇವರು ನಿನ್ನೆ ಮೊನ್ನೆ ಬಂದವರಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ, ಹೊಸಪೇಟೆ ಹತ್ತಿರದ ಹುಲಿಗೆಮ್ಮನ ಜಾತ್ರೆಯಲ್ಲಿ ಕೊಡ ಹೊತ್ತು ಕುಣಿಯುವ ಜೋಗಪ್ಪ, ಜೋಗತಿಯರನ್ನು ನಮ್ಮ ಹಿರಿಯರೂ ಕಂಡವರೇ. ಬೆಂಗಳೂರಿನಲ್ಲಿ ಹಿಜ್ರಾಗಳು ನಡೆಸುತ್ತಿದ್ದ ಹಮಾಮುಗಳಿದ್ದವು, ಅಂದರೆ ಬಿಸಿನೀರಿನ ಸ್ನಾನದ ಮನೆಗಳು. ಮನೆ ಬಿಟ್ಟು ಬಂದ ಎಷ್ಟೋ ಜನಕ್ಕೆ ಅವೇ ತವರು. ಗುರು-ಚೇಲಾ ಸಂಬಂಧ, ಅಮ್ಮ-ಮಗಳ ಸಂಬಂಧ, ಕಷ್ಟಕ್ಕೆ ಆಗುವ ಜಮಾತ್, ಇವೆಲ್ಲ ಸಂಘ ಅನ್ನುವ ಪದ ಬರುವ ಮೊದಲೇ ಇದ್ದವು.

ಇಲ್ಲದೇ ಇದ್ದದ್ದು ಕಾನೂನಿನ ಬಲ. ಇದ್ದದ್ದೆಲ್ಲ ಉಲ್ಟಾ ಕಾನೂನು! 1860ರ ಭಾರತ ದಂಡ ಸಂಹಿತೆಯ 377ನೇ ಕಲಮು ಸಲಿಂಗ ಸಂಬಂಧವನ್ನು ಅಪರಾಧ ಮಾಡಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ಹಿಜ್ರಾಗಳಿಗೆಂದೇ ಒಂದು ಭಾಗವಿತ್ತು, ಉತ್ತರದ ಪ್ರಾಂತ್ಯಗಳಲ್ಲಿ ಅವರ ಹೆಸರುಗಳನ್ನು ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. ನಿಜಾಮರ ಹೈದರಾಬಾದಿನಲ್ಲಿ 1919ರಲ್ಲಿ ಅದೇ ಮಾದರಿಯ ಕಾಯ್ದೆ ಬಂತು. ಅದನ್ನು ತೆಲಂಗಾಣ ಹೈಕೋರ್ಟ್ ರದ್ದು ಮಾಡಿದ್ದು 2023ರಲ್ಲಿ. ನೂರು ವರ್ಷ ದಾಟಿದ ಮೇಲೆ!

ಇಂಥ ಸ್ಥಿತಿಯಲ್ಲಿ ಸಂಘ ಕಟ್ಟುವುದು ಎಂದರೆ ಸುಲಭವೇ? ಹೊರದೇಶಗಳಲ್ಲೂ ಇದು ಸುಲಭವಾಗಿರಲಿಲ್ಲ. 1969ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನ ಸ್ಟೋನ್‌ವಾಲ್ ಎಂಬ ಬಾರಿನ ಮೇಲೆ ಪೊಲೀಸರು ದಾಳಿ ಮಾಡಿದಾಗ ಅಲ್ಲಿದ್ದವರು ತಿರುಗಿ ನಿಂತರು. ಅಲ್ಲಿಂದ ಮುಂದೆ ಸಂಘಗಳು ಬಲವಾದವು. ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯಿಂದ 'ಬಾಂಬೆ ದೋಸ್ತ್' ಪತ್ರಿಕೆ ಹೊರಬಂತು. ಬೆಂಗಳೂರಿನಲ್ಲಿ 1994ರಲ್ಲಿ 'ಗುಡ್ ಆಸ್ ಯೂ' ಎಂಬ ಗುಂಪು ಶುರುವಾಯಿತು. ಗುರುವಾರ ಸಂಜೆ ಒಂದಷ್ಟು ಜನ ಸೇರಿ ಕೂತು ಮಾತಾಡುವುದು, ಅಷ್ಟೇ. ಆದರೆ ಮನೆಯಲ್ಲೂ ಆಫೀಸಿನಲ್ಲೂ ಬಾಯಿ ಬಿಡಲಾಗದವನಿಗೆ ವಾರಕ್ಕೊಂದು ಸಂಜೆ ಬಾಯಿ ಬಿಡುವ ಜಾಗ ಸಿಕ್ಕರೆ ಅದು ಕಮ್ಮಿಯೇನಲ್ಲ. ಅಲ್ಲಿ ನಡೆಯುತ್ತಿದ್ದುದು ಹೆಚ್ಚಾಗಿ ಇಂಗ್ಲಿಷ್ ಮಾತು, ಬರುತ್ತಿದ್ದವರು ಹೆಚ್ಚಾಗಿ ಓದಿದವರು.

'ಸಂಗಮ' ಹುಟ್ಟಿದ್ದು 1999ರಲ್ಲಿ. ಮನೋಹರ್ ಎಲವರ್ತಿ ಇದನ್ನು ಶುರು ಮಾಡಿದರು. ಮೊದಲಿಗೆ ಅದು ಪುಸ್ತಕ, ಲೇಖನ, ಪತ್ರಿಕೆಯ ತುಣುಕುಗಳನ್ನು ಕೂಡಿಡುವ ಒಂದು ಮಾಹಿತಿ ಕೇಂದ್ರ. ಓದುವವರಿಗೆ ಅನುಕೂಲ. ಆದರೆ ಕಬ್ಬನ್ ಪಾರ್ಕಿನಲ್ಲಿ, ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಪೊಲೀಸರ ಲಾಠಿ ತಿನ್ನುತ್ತಿದ್ದವರು ಪುಸ್ತಕ ಹುಡುಕಿಕೊಂಡು ಬರುತ್ತಾರೆಯೇ? ಅವರಿಗೆ ಇಂಗ್ಲಿಷ್ ಬಾರದು. ಕನ್ನಡ, ತಮಿಳು, ತೆಲುಗು, ಉರ್ದು ಮಾತಾಡುವ ಬಡವರು ಅವರು. ಕೆಲವೇ ದಿನಗಳಲ್ಲಿ ಸಂಗಮ ತನ್ನ ದಾರಿ ಬದಲಿಸಿತು. ಕೆಲಸ ಈ ಜನರ ನಡುವೆ, ಮಾತು ಇವರ ಭಾಷೆಯಲ್ಲಿ. ನಮ್ಮ ದೃಷ್ಟಿಯಲ್ಲಿ ಈ ಚರಿತ್ರೆಯ ಅತಿ ದೊಡ್ಡ ತಿರುವು ಇದೇ. ಕೋರ್ಟಿನ ತೀರ್ಪುಗಳೆಲ್ಲ ಆಮೇಲೆ ಬಂದವು.

ಇನ್ನು ಕೆಲಸ ಹೇಗೆ ನಡೆಯಿತು ನೋಡಿ. ಬಂದು ಕೂರಲು ಒಂದು ಜಾಗ ಮಾಡಿದರು. ಅಲ್ಲಿ ಸೀರೆ ಉಡಬಹುದು, ನಗಬಹುದು, ಅಳಬಹುದು, ಸುಮ್ಮನೆ ಮಲಗಲೂಬಹುದು. ಯಾರನ್ನಾದರೂ ಪೊಲೀಸರು ಹಿಡಿದರೆ ಫೋನ್ ಬರುತ್ತದೆ, ಕೂಡಲೇ ನಾಲ್ಕು ಜನ ಠಾಣೆಗೆ ಹೋಗುತ್ತಾರೆ, ವಕೀಲರನ್ನು ಕರೆಸುತ್ತಾರೆ. ಮಗನನ್ನೋ ಮಗಳನ್ನೋ ಮನೆಯವರು ಕೂಡಿ ಹಾಕಿದ್ದರೆ ಅಲ್ಲಿಗೂ ಹೋಗಿ ಮಾತಾಡುತ್ತಾರೆ. ಮತ್ತೊಂದು ಮುಖ್ಯ ಕೆಲಸ, ನಡೆದದ್ದನ್ನು ಬರೆದಿಡುವುದು. 2001ರಲ್ಲಿ ಪಿಯುಸಿಎಲ್‌ನ ಕರ್ನಾಟಕ ಘಟಕ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯದ ವರದಿ ತಂದಿತು. 2003ರಲ್ಲಿ ಹಿಜ್ರಾ ಮತ್ತು ಕೋಥಿ ಸಮುದಾಯದ ಬಗ್ಗೆ ಇನ್ನೊಂದು ವರದಿ. ಹಣ ಕೀಳುವುದು, ಕೇಸಿಲ್ಲದೆ ಕೂಡಿಹಾಕುವುದು, ಹೊಡೆಯುವುದು ಎಲ್ಲವೂ ಕಾಗದದ ಮೇಲೆ ಬಂತು.

ಕಾಗದದ ಮೇಲೆ ಬಂದರೆ ಏನಾಗುತ್ತದೆ? ಒಂದು ಉದಾಹರಣೆ ಸಾಕು. 2004ರಲ್ಲಿ ಬೆಂಗಳೂರಿನಲ್ಲಿ ಒಬ್ಬ ಹಿಜ್ರಾ ಮೇಲೆ ಪುಂಡರು ಗುಂಪು ಅತ್ಯಾಚಾರ ಮಾಡಿದರು. ಪೊಲೀಸರು ಅತ್ಯಾಚಾರಕ್ಕೆ ಒಳಗಾದವರನ್ನೇ ಠಾಣೆಗೆ ಒಯ್ದು, ಕಿಟಕಿಗೆ ಕೋಳ ಬಿಗಿದು ಹಿಂಸಿಸಿದರು. ಈ ಘಟನೆ ದಾಖಲಾಗಿತ್ತು. ಐದು ವರ್ಷದ ನಂತರ, 2009ರ ಜುಲೈ 2ರಂದು ದೆಹಲಿ ಹೈಕೋರ್ಟು 377ನೇ ಕಲಮಿನ ಬಗ್ಗೆ ತೀರ್ಪು ಕೊಟ್ಟಾಗ ಆ ತೀರ್ಪಿನೊಳಗೆ ಬೆಂಗಳೂರಿನ ಈ ಘಟನೆಯೂ ಇತ್ತು. ಬರೆದಿಡದೇ ಇದ್ದಿದ್ದರೆ ಅದು ಆ ಠಾಣೆಯ ಗೋಡೆಗಳಿಗೆ ಮಾತ್ರ ಗೊತ್ತಿರುತ್ತಿತ್ತು.

ಸಂಘ ಬೆಳೆದಂತೆ ಪೆಟ್ಟೂ ಬಿತ್ತು. 2008ರ ಜೂನ್ 29ರಂದು ಬೆಂಗಳೂರಿನಲ್ಲಿ ಮೊದಲ ಪ್ರೈಡ್ ಮೆರವಣಿಗೆ ನಡೆಯಿತು. ಗುರುತು ಸಿಕ್ಕೀತೆಂದು ಮುಖವಾಡ ಹಾಕಿ ನಡೆದವರೂ ಇದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ ಪೊಲೀಸರು ಐವರು ಹಿಜ್ರಾಗಳನ್ನು ಹಿಡಿದರು. ವಿಚಾರಿಸಲು ಹೋದ ಸಂಗಮದ ಕಾರ್ಯಕರ್ತರನ್ನೂ ಒಳಗೆ ಕೂರಿಸಿದರು. ಅದನ್ನು ಪ್ರತಿಭಟಿಸಲು ಬಂದವರನ್ನೂ ಬಿಡಲಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿಸಿ, ಹಿಜ್ರಾಗಳ ಹೆಸರು ವಿಳಾಸದ ರಿಜಿಸ್ಟರ್ ಇಡಲು ಅವಕಾಶ ಕೊಟ್ಟರು. ಅದೇ 1919ರ ಹೈದರಾಬಾದ್ ಬುದ್ಧಿ! ಸಂಘಟನೆಗಳು ಹೈಕೋರ್ಟಿಗೆ ಹೋದ ಮೇಲೆ ಆ ಕಲಮಿನಿಂದ ಹಿಜ್ರಾಗಳನ್ನು ಗುರುತಿಸುವ ಪದವನ್ನು ಸರ್ಕಾರ ತೆಗೆಯಿತು.

ನಗರದ ಸಂಘ ಜಿಲ್ಲೆಗಳಿಗೆ ಹೋದದ್ದು ಹೇಗೆ ಅನ್ನುವುದೂ ತಿಳಿಯಬೇಕು. 2003ರ ನಂತರ ಎಚ್‌ಐವಿ ತಡೆಯಲು ಗೇಟ್ಸ್ ಫೌಂಡೇಶನ್‌ನ 'ಆವಾಹನ್' ಯೋಜನೆಯ ಮೂಲಕ ಕರ್ನಾಟಕಕ್ಕೆ ದೊಡ್ಡ ಹಣ ಬಂತು. ಅದರಿಂದ ಜಿಲ್ಲೆ ಜಿಲ್ಲೆಯಲ್ಲೂ ಸಮುದಾಯದವರು ಸೇರುವ ಜಾಗಗಳಾದವು, ಅವರದೇ ಸಂಘಗಳಾದವು. ಒಳ್ಳೆಯದೇ. ಆದರೆ ಯೋಜನೆಯ ಲೆಕ್ಕ ಕಾಂಡೋಮಿನದು, ಪರೀಕ್ಷೆಯದು. ಮರ್ಯಾದೆಯ ಲೆಕ್ಕ ಅದರಲ್ಲಿ ಇರಲಿಲ್ಲ. ಯೋಜನೆ ಮುಗಿದು ಹಣ ಕಮ್ಮಿಯಾದಾಗ ಅದರ ಮೇಲೇ ನಿಂತಿದ್ದ ಸಂಘಗಳು ಸೊರಗಿದವು, ಜನರ ಮೇಲೆ ನಿಂತಿದ್ದವು ಉಳಿದವು.

ಜನರ ಮೇಲೆ ನಿಲ್ಲುವುದು ಅಂದರೆ ಸಮುದಾಯದವರೇ ಮುಂದಾಳುಗಳಾಗುವುದು. ತಮಿಳುನಾಡಿನ ನಾಮಕ್ಕಲ್ ಕಡೆಯ ಎ. ರೇವತಿಯವರು ಸಂಗಮದಲ್ಲಿ ಕಚೇರಿ ಸಹಾಯಕಿಯಾಗಿ ಸೇರಿ, ಮುಂದೆ ಅದರ ನಿರ್ದೇಶಕಿಯಾದರು. ಅವರ ಆತ್ಮಕಥೆಯನ್ನು ದು. ಸರಸ್ವತಿಯವರು 'ಬದುಕು ಬಯಲು' ಎಂದು ಕನ್ನಡಕ್ಕೆ ತಂದಿದ್ದಾರೆ, ಅದು ನಾಟಕವೂ ಆಗಿದೆ. ಸಂಗಮದಲ್ಲಿ ಕೆಲಸ ಮಾಡಿ ಬೆಳೆದ ಅಕ್ಕೈ ಪದ್ಮಶಾಲಿಯವರು 'ಒಂದೆಡೆ' ಸಂಸ್ಥೆ ಕಟ್ಟಿದರು, 2015ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಪಡೆದರು. ಇತ್ತ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಜೋಗತಿ ಕುಣಿತದ ದಾರಿಯಿಂದಲೇ ಬಂದು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಬೆಂಗಳೂರಿನ ಸಂಘದ ದಾರಿ ಬೇರೆ, ಹುಲಿಗೆಮ್ಮನ ದಾರಿ ಬೇರೆ. ಮರ್ಯಾದೆಯ ಬದುಕು ಎರಡಕ್ಕೂ ಬೇಕಾಗಿತ್ತು.

ಫಲಗಳನ್ನು ಬೇಗ ಹೇಳಿಬಿಡುತ್ತೇವೆ. ಕರ್ನಾಟಕದಲ್ಲಿ 2013ರಲ್ಲಿ ತಿಂಗಳಿಗೆ 500 ರೂಪಾಯಿಯ 'ಮೈತ್ರಿ' ಪಿಂಚಣಿ ಶುರುವಾಯಿತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು, ತಾನು ಗಂಡೋ ಹೆಣ್ಣೋ ಮೂರನೆಯ ಲಿಂಗವೋ ಎಂದು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ ಎಂದಿತು. 2013ರ ಡಿಸೆಂಬರಿನಲ್ಲಿ ಅದೇ ಕೋರ್ಟು ದೆಹಲಿಯ ತೀರ್ಪನ್ನು ತಳ್ಳಿಹಾಕಿ 377ನ್ನು ಮತ್ತೆ ಎಬ್ಬಿಸಿತ್ತು. 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಒಪ್ಪಿ ನಡೆಸುವ ಸಂಬಂಧ ಅಪರಾಧವಲ್ಲ ಎಂದು ಕೊನೆಗೂ ಹೇಳಿತು. 2021ರಲ್ಲಿ ಸಂಗಮವೇ ಹೂಡಿದ ಮೊಕದ್ದಮೆಯಿಂದ ಕರ್ನಾಟಕ ಸರ್ಕಾರ ತನ್ನ ನೌಕರಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1 ಮೀಸಲಾತಿ ತಂದಿತು. ದೇಶದಲ್ಲಿ ಇದೇ ಮೊದಲು.

ಸರಿ, ಗಡಿಯ ಈಚೆಗಿರುವ ನಮಗೇನು? ನಕ್ಷೆ ನೋಡಿದರೆ ಮಡಕಶಿರಾ ಸೀಮೆ ಕರ್ನಾಟಕದೊಳಗೆ ಚಾಚಿದ ನಾಲಗೆಯ ಹಾಗಿದೆ. ಸಂತೆ, ಬೀಗತನ, ಆಸ್ಪತ್ರೆ ಎಲ್ಲಕ್ಕೂ ರೊಳ್ಳದವರು ಶಿರಾ ಕಡೆ ಮುಖ ಮಾಡುತ್ತಾರೆ. ರಾಯದುರ್ಗದವರು ಬಳ್ಳಾರಿ ಕಡೆಗೆ. ಆದರೆ ಕಾಗದಪತ್ರದಲ್ಲಿ ರಾಯದುರ್ಗ ಅನಂತಪುರ ಜಿಲ್ಲೆ, ನಾವು 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಶೇ. 1ರ ಮೀಸಲಾತಿ ನಮ್ಮ ಊರಿನ ಹುಡುಗನಿಗೆ ಬಾರದು. ಹಾಗಂತ ಆಂಧ್ರ ಏನೂ ಕೊಟ್ಟಿಲ್ಲ ಅನ್ನುವಂತಿಲ್ಲ. 2017ರ ಕೊನೆಗೆ ಇಲ್ಲಿ ತಿಂಗಳಿಗೆ 1,500 ರೂಪಾಯಿ ಪಿಂಚಣಿ ಒಪ್ಪಿಗೆಯಾಯಿತು, 2024ರ ಜುಲೈನಿಂದ ಅದು 4,000 ಆಯಿತು. ಹಣ ಇಲ್ಲೇ ಜಾಸ್ತಿ! ಆದರೆ ಅದನ್ನು ಕೇಳುವುದಕ್ಕೆ ಮೊದಲು ನಾನು ಇಂಥವಳು ಎಂದು ಕಚೇರಿಯಲ್ಲಿ ಬಾಯಿ ಬಿಟ್ಟು ಹೇಳಬೇಕು. ಅದೂ ತೆಲುಗಿನಲ್ಲಿ. ಜೊತೆಗೆ ಬರಲು ಒಬ್ಬರು ಬೇಡವೇ? ಸಂಗಮದ ಚರಿತ್ರೆ ಹೇಳುವುದು ಇದನ್ನೇ. ಹಕ್ಕು ಕಾಗದದಲ್ಲಿ ಇದ್ದರೆ ಸಾಲದು, ಅದನ್ನು ಕೇಳಲು ಹೋಗುವಾಗ ಜೊತೆಗೆ ನಡೆಯುವ ಜನ ಬೇಕು, ಅವರು ನಮ್ಮ ಭಾಷೆ ಆಡುವವರಾಗಿರಬೇಕು.

ಇದು ಶಾಲೆಯಿಂದಲೇ ಶುರುವಾಗುವ ಮಾತು. ಹಾಜರಿ ಕೂಗುವಾಗ ಒಂಬತ್ತನೇ ನಂಬರಿಗೆ ತರಗತಿ ಕಿಸಕ್ಕೆಂದು ನಗುವುದನ್ನು ಎಲ್ಲ ಮೇಷ್ಟ್ರುಗಳೂ ಬಲ್ಲರು. ಆ ನಂಬರು ನಡೆನುಡಿ ಮೆತ್ತಗಿರುವ ಹುಡುಗನದಾದರಂತೂ ಮುಗಿಯಿತು. ಏಳನೇ ತರಗತಿ, ಎಂಟನೇ ತರಗತಿ... ಒಂದು ದಿನ ಅವನು ಬರುವುದಿಲ್ಲ. ರಿಜಿಸ್ಟರಿನಲ್ಲಿ 'ದೀರ್ಘ ಗೈರು' ಎಂದು ಬರೆಯುತ್ತೇವೆ. ಅವನು ಎಲ್ಲಿಗೆ ಹೋದ ಎಂದು ಯಾರೂ ಬರೆಯುವುದಿಲ್ಲ. ಬೆಂಗಳೂರಿನ ಹಮಾಮುಗಳಿಗೆ, ಸಿಗ್ನಲ್ಲುಗಳಿಗೆ ಬಂದವರಲ್ಲಿ ಹೆಚ್ಚಿನವರ ಕಥೆ ಇಂಥ ಊರುಗಳಲ್ಲೇ ಶುರುವಾಗಿದ್ದು.

ಒಂದು ಸಂಸ್ಥೆ ಕಟ್ಟಿ ಅಂತ ನಾವು ಯಾರಿಗೂ ಹೇಳುತ್ತಿಲ್ಲ. ಸಂಗಮ ಶುರುವಾದದ್ದೂ ಒಂದಷ್ಟು ಪುಸ್ತಕಗಳಿಂದ, ಕೂರುವ ಒಂದು ಜಾಗದಿಂದ. ಆ ನಗುವನ್ನು ತರಗತಿಯಲ್ಲೇ ನಿಲ್ಲಿಸುವ ಮೇಷ್ಟ್ರು, ಮಗನನ್ನು ಹೊಡೆಯುವ ಮೊದಲು ಅವನ ಮಾತು ಕೇಳುವ ಅಪ್ಪ, ಪಿಂಚಣಿ ಅರ್ಜಿ ಬರೆದುಕೊಡಲು ಬರುವ ಒಬ್ಬ ಓದಿದ ಹುಡುಗಿ, ಇಷ್ಟು ಜನ ರೊಳ್ಳದಲ್ಲೂ ಅಮರಾಪುರದಲ್ಲೂ ಸಿಗಲಾರರೇ? ಸಿಗುತ್ತಾರೆ ಅನ್ನುವ ನಂಬಿಕೆ ನಮ್ಮದು. ನೀವೇನಂತೀರಿ?