ಸಗಣಿಯಲ್ಲಿ ಸಿಗುವ ಲೆಕ್ಕ

ಹಸು ತಿಂದ ಮೇವಿನಲ್ಲಿ ಅರಗಿದ್ದೆಷ್ಟು, ಸಗಣಿಯಾಗಿ ಹೋದದ್ದೆಷ್ಟು? ಹಿಂದೆಲ್ಲ ಇದಕ್ಕೆ ವಾರಗಟ್ಟಲೆ ಹಗಲೂ ರಾತ್ರಿ ಹಸುವಿನ ಹಿಂದೆಯೇ ನಿಂತು, ಹಾಕಿದ ಸಗಣಿಯನ್ನೆಲ್ಲ ತೂಗಬೇಕಿತ್ತು. ಬೆಂಗಳೂರಿನ ಆಡುಗೋಡಿಯಲ್ಲಿ 1923ರಲ್ಲೇ ಹೈನುಗಾರಿಕೆಯ ಸಂಸ್ಥೆ ಶುರುವಾಯಿತು, 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದಿದ್ದರು. ಅದು ಎಲ್ಲರಿಗೂ ನೆನಪಿದೆ. ಸಗಣಿ ತೂಗಿದವರನ್ನು ಯಾರು ನೆನೀತಾರೆ ಹೇಳಿ!

ಈ ಪಾಡು ತಪ್ಪಿಸಿದ್ದು ಮೇವಿನಲ್ಲೇ ಇರುವ, ಹಸುವಿಗೆ ಅರಗದ ಪದಾರ್ಥ. ಮೇವನ್ನು ಸುಟ್ಟು, ಬೂದಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿದರೂ ಕರಗದೆ ಒಂದಿಷ್ಟು ಉಳಿಯುತ್ತದೆ, ಬಹುಪಾಲು ಸಿಲಿಕಾ. ಅದನ್ನೇ ಗುರುತಾಗಿ ಬಳಸಬಹುದೆಂದು 1977ರಲ್ಲಿ ವಾನ್ ಕೂಲನ್ ಮತ್ತು ಯಂಗ್ ತೋರಿಸಿದರು. ಒಣಗಿಸಿದ ಮೇವಿನಲ್ಲಿ ಅದು ನೂರಕ್ಕೆ 2, ಒಣಗಿಸಿದ ಸಗಣಿಯಲ್ಲಿ 5 ಇದ್ದರೆ, ಅರಗಿದ್ದು ನೂರಕ್ಕೆ 60. ಇಷ್ಟೇ ಲೆಕ್ಕ.

ಆಡುಗೋಡಿಯಲ್ಲೇ 1995ರಲ್ಲಿ ಪಶು ಪೋಷಣೆಗೆಂದೇ ರಾಷ್ಟ್ರೀಯ ಸಂಸ್ಥೆ ಬಂತು. ಆದರೆ ನಮ್ಮ ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ರಾಗಿಹುಲ್ಲಿಗೆ ಈ ಲೆಕ್ಕ ಹಾಕುವಾಗ ಹುಷಾರಾಗಿರಬೇಕು. ಕಣದ ಮಣ್ಣೂ ಸಿಲಿಕಾವೇ ತಾನೆ! ನೆಲದಿಂದ ಎತ್ತಿದ ಸಗಣಿಗೆ ಮಣ್ಣು ಸೇರಿ 5 ಇದ್ದದ್ದು 6 ಆಯಿತೆನ್ನಿ, 60 ಹೋಗಿ 67 ಆಗುತ್ತದೆ. ಅರಗದ ಹುಲ್ಲನ್ನೇ ಒಳ್ಳೆಯದೆಂದು ನಂಬಿ ಹಿಂಡಿ ಕಡಿಮೆ ಮಾಡಿದರೆ, ಹಾಲು ಇಳಿಯುವುದು ರೈತನ ಮನೆಯಲ್ಲಿ. ಅದಕ್ಕೇ ಕೈಗವಸು ಹಾಕಿ, ಸಗಣಿ ನೆಲಕ್ಕೆ ಬೀಳುವ ಮೊದಲೇ ತೆಗೆಯುತ್ತಾರೆ.