ಬೇಟೆಯ ಗುತ್ತಿಗೆ ಮತ್ತು ನೆಲದೊಡೆಯನ ಒಪ್ಪಿಗೆ

ಜರ್ಮನಿಯ ನಾಡುಗಳಲ್ಲಿ 1848ರವರೆಗೆ ಬೇಟೆಯ ಹಕ್ಕು ಬಹುಮಟ್ಟಿಗೆ ಅರಸರದು ಹಾಗೂ ಜಹಗೀರುದಾರರದಾಗಿತ್ತು. ರೈತನು ಉತ್ತು ಬಿತ್ತಿದ ಹೊಲಕ್ಕೆ ಜಿಂಕೆ, ಕಾಡುಹಂದಿಗಳು ನುಗ್ಗಿದರೂ ಅವನ್ನು ಕೊಲ್ಲುವ ಅಧಿಕಾರ ಅವನಿಗಿರಲಿಲ್ಲ. ಪ್ರಭುವಿನ ಬೇಟೆಯ ದಿನ ಮೃಗಗಳನ್ನು ಸೋವುವ ಬಿಟ್ಟಿ ಚಾಕರಿ ಮಾತ್ರ ಅವನ ಪಾಲಿಗಿತ್ತು. 1848ರ ಕ್ರಾಂತಿಯಲ್ಲಿ ಈ ವ್ಯವಸ್ಥೆ ಕುಸಿಯಿತು. ಪರರ ನೆಲದಲ್ಲಿ ಬೇಟೆಯಾಡುವ ಹಕ್ಕು ರದ್ದಾಗಿ, ನೆಲ ಯಾರದೋ ಬೇಟೆಯ ಹಕ್ಕೂ ಅವರದೇ ಎಂದು ಫ್ರಾಂಕ್‌ಫರ್ಟಿನ ಮಹಾಸಭೆ ಸಾರಿತು. ಹಾಗಾದಾಗ ತನ್ನ ನೆಲದಲ್ಲಿ ಬೇಟೆ ಬೇಡವೆನ್ನುವ ಹಕ್ಕೂ ಒಡೆಯನಿಗೆ ದೊರೆತಂತಾಯಿತು.

ಪ್ರಷ್ಯಾದಲ್ಲಿ ಅದು ಎರಡು ವರ್ಷವೂ ಉಳಿಯಲಿಲ್ಲ. 1850ರ ಮಾರ್ಚಿನ ಕಾನೂನಿನಂತೆ 300 ಮಾರ್ಗನ್, ಅಂದರೆ ಸುಮಾರು 75 ಹೆಕ್ಟೇರ್ ಒಟ್ಟಾಗಿ ಹೊಂದಿದವನಿಗೆ ಮಾತ್ರ ಸ್ವತಂತ್ರ ಬೇಟೆಯ ವಲಯ. ಉಳಿದವರ ತುಂಡುಹೊಲಗಳೆಲ್ಲ ಊರಿನ ಸಾಮೂಹಿಕ ವಲಯಕ್ಕೆ ಸೇರಿದವು. ವಲಯವನ್ನು ಬೇಟೆಗಾರರಿಗೆ ಗುತ್ತಿಗೆ ಕೊಟ್ಟು, ಬಂದ ಹಣವನ್ನು ಒಡೆಯರಿಗೆ ಹಂಚುವ ಕ್ರಮ ಬೆಳೆಯಿತು. ಇದರ ಚೌಕಟ್ಟು 1934ರ, 1952ರ ಕಾನೂನುಗಳನ್ನು ದಾಟಿ ಬಂದಿದೆ. ಗುತ್ತಿಗೆಯ ಅವಧಿ ಸಾಮಾನ್ಯವಾಗಿ ಕನಿಷ್ಠ 9 ವರ್ಷ. ಭೂಮಾಲೀಕರ ಸಂಘದ ನಿರ್ಣಯಕ್ಕೆ ತಲೆಯೆಣಿಕೆಯ ಬಹುಮತವೂ ವಿಸ್ತೀರ್ಣದ ಬಹುಮತವೂ ಬೇಕು. ಅರ್ಧ ಎಕರೆಯ ಅಹಿಂಸಾವಾದಿ ಇಲ್ಲಿ ಗೆಲ್ಲುವುದೆಂತು?

ಈ ಏರ್ಪಾಡಿನಲ್ಲಿ ಯುಕ್ತಿಯಿಲ್ಲದಿರಲಿಲ್ಲ. ಕಾಡುಹಂದಿಗೆ ಸರ್ವೆ ಕಲ್ಲು ತಿಳಿಯದು. ಬೆಳೆಹಾನಿಯ ಪರಿಹಾರವನ್ನೂ ಕಾನೂನು ಸಂಘದ ಹೊಣೆಯಾಗಿಸಿತ್ತು. ಅನೇಕ ಕಡೆ ಗುತ್ತಿಗೆದಾರನೇ ಅದನ್ನು ವಹಿಸಿಕೊಳ್ಳುವನು. ರೈತನ ಕಷ್ಟವನ್ನು ಅಲ್ಲಗಳೆಯಲಾಗದು.

ಆದರೆ ಗುಂಡು ಹಾರಿಸದವನಿಗೂ ಪಾಪದಲ್ಲಿ ಪಾಲುಂಟೆ? ತತ್ತ್ವಾರ್ಥಸೂತ್ರವು ಆಸ್ರವದ ಆಧಾರಗಳನ್ನು ಎಣಿಸುವಾಗ ಕೃತ, ಕಾರಿತ, ಅನುಮತ ಮೂರನ್ನೂ ಹೇಳುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹಿಂಸಾದಾನವನ್ನು ಅನರ್ಥದಂಡಗಳಲ್ಲಿ ಸೇರಿಸಿ, ಕೊಡಲಿ, ಕತ್ತಿ, ಬೆಂಕಿ ಮೊದಲಾದವನ್ನು ಹೆಸರಿಸಿದ್ದಾರೆ. ನೆಲ ಆ ಪಟ್ಟಿಯಲ್ಲಿಲ್ಲ. ಬಂದೂಕು ಹಿಡಿದವನಿಗೂ ನಿಲ್ಲಲು ನೆಲ ಬೇಕಲ್ಲವೆ? ಇಷ್ಟಪಟ್ಟು ಗುತ್ತಿಗೆ ಕೊಟ್ಟವನದು ಸ್ಪಷ್ಟವಾಗಿ ಅನುಮೋದನೆ. ಕಾನೂನಿನ ಬಲದಿಂದ ನೆಲವನ್ನು ಬಿಟ್ಟುಕೊಡಬೇಕಾದವನದು ಹಾಗಲ್ಲ. ಆದರೆ ಪಾಲಿನ ಹಣಕ್ಕೆ ಕೈಯೊಡ್ಡಿದ ಕ್ಷಣ ಅವನೂ ಪಾಲುದಾರನಾಗುತ್ತಾನೆ. ಜಮಾಖರ್ಚಿನ ಪುಸ್ತಕದಲ್ಲಿ ಯಾವ ಶೀರ್ಷಿಕೆಯಡಿ ಬರೆದರೂ ಅದು ಪ್ರಾಣಿವಧೆಯಿಂದ ಬಂದ ಆದಾಯವೇ.

ಈ ಪ್ರಶ್ನೆ ಮೊದಲು ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯವನ್ನು ಮುಟ್ಟಿದ್ದು ಫ್ರಾನ್ಸಿನಿಂದ. ಅಲ್ಲಿ 1964ರ ಕಾನೂನು ಹಲವು ಜಿಲ್ಲೆಗಳಲ್ಲಿ, ಸಾಮಾನ್ಯವಾಗಿ 20 ಹೆಕ್ಟೇರಿಗಿಂತ ಕಡಿಮೆಯಿದ್ದ ಜಮೀನಿನ ಬೇಟೆಯ ಹಕ್ಕನ್ನು ಊರಿನ ಬೇಟೆಸಂಘಕ್ಕೆ ಒಪ್ಪಿಸಿತ್ತು. ಬೇಟೆಯನ್ನು ಒಲ್ಲದವನಿಗೂ ಬೇಟೆಸಂಘದ ಸದಸ್ಯತ್ವವೇ ಪ್ರತಿಫಲ! 1999ರ ಏಪ್ರಿಲ್ 29ರಂದು ನ್ಯಾಯಾಲಯ ಇದನ್ನು ಹಕ್ಕಿನ ಉಲ್ಲಂಘನೆಯೆಂದಿತು. ಮರುವರ್ಷ ಫ್ರಾನ್ಸ್ ಆತ್ಮಸಾಕ್ಷಿಯ ಕಾರಣದಿಂದ ನಿರಾಕರಿಸಲು ಅವಕಾಶವಿತ್ತಿತು.

ಜರ್ಮನಿ ಅಷ್ಟು ಬೇಗ ಬಾಗಲಿಲ್ಲ. ಪಿತ್ರಾರ್ಜಿತವಾಗಿ ಎರಡು ತುಂಡು ಜಮೀನು ಪಡೆದ ಒಬ್ಬ ಭೂಮಾಲೀಕನ ಮನವಿಯನ್ನು ಅಲ್ಲಿನ ಸಂವಿಧಾನ ನ್ಯಾಯಾಲಯ 2006ರಲ್ಲಿ ತಳ್ಳಿಹಾಕಿತು. ಸ್ಟ್ರಾಸ್‌ಬರ್ಗಿನಲ್ಲಿಯೂ 2011ರಲ್ಲಿ ಅವನಿಗೆ ಸೋಲಾಯಿತು. 2012ರ ಜೂನ್ 26ರಂದು ಅದೇ ನ್ಯಾಯಾಲಯದ ಮಹಾಪೀಠ ಅವನ ಪರವಾಗಿ ತೀರ್ಪಿತ್ತಿತು. ಗುತ್ತಿಗೆಯ ಹಣದಲ್ಲಿ ಪಾಲಿದೆಯಲ್ಲ ಎಂಬ ವಾದಕ್ಕೆ ಪೀಠ ಕೊಟ್ಟ ಉತ್ತರ ಗಮನಾರ್ಹ: ಯಾವುದನ್ನು ಅಧರ್ಮವೆಂದು ವಿರೋಧಿಸುತ್ತಾನೋ ಅದರ ಪರಿಹಾರವನ್ನೇ ಬೇಡೆಂದು ಹೇಳುವುದು ಅವನ ನಂಬಿಕೆಗೆ ಗೌರವವಾಗದು, ಆಳವಾದ ನಂಬಿಕೆಯನ್ನು ಹಣಕ್ಕೆ ವಿನಿಮಯ ಮಾಡಲಾಗದು. ಶ್ರಾವಕಾಚಾರವನ್ನು ಓದಿರದ ನ್ಯಾಯಾಧೀಶರು ಅನುಮೋದನೆಯ ಮರ್ಮವನ್ನು ಹಿಡಿದರೆನ್ನಬೇಕು.

2013ರ ಡಿಸೆಂಬರಿನಿಂದ ಜರ್ಮನಿಯಲ್ಲಿ ನೈತಿಕ ಕಾರಣ ತೋರಿಸಿ ಜಮೀನನ್ನು ಬೇಟೆಯಿಂದ ಬಿಡಿಸಿಕೊಳ್ಳಬಹುದಾಯಿತು. ಅರ್ಜಿದಾರ ತಾನೇ ಬೇಟೆಗಾರನಾಗಿದ್ದರೆ, ಅಥವಾ ತನ್ನ ಇನ್ನೊಂದು ಜಮೀನಿನಲ್ಲಿ ಬೇಟೆಯನ್ನು ಸಹಿಸಿಕೊಂಡಿದ್ದರೆ ಅವನ ಮಾತಿಗೆ ಬೆಲೆಯಿಲ್ಲ. ನ್ಯಾಯವಾದ ನಿಯಮವೇ. ಕಾನೂನು ಬಂದಾಗ ಈ ಅವಕಾಶವನ್ನು ವ್ಯಕ್ತಿಗಳಿಗೆ ಮಾತ್ರ ಕೊಡಲಾಯಿತು, ಸಂಸ್ಥೆಗಳಿಗಲ್ಲ. ದೇವಸ್ಥಾನದ ಆಸ್ತಿ ನೋಡಿಕೊಳ್ಳುವವರಿಗೆ ಇದು ವಿಚಿತ್ರವೆನಿಸೀತು. ಬಿಡಿಸಿಕೊಂಡವನು ವಲಯದ ಬೆಳೆಹಾನಿಗೆ ತನ್ನ ವಿಸ್ತೀರ್ಣಕ್ಕೆ ತಕ್ಕ ಪಾಲು ತೆರಬೇಕು. ಅಲ್ಲದೆ ಬಿಡುಗಡೆ ಸಾಮಾನ್ಯವಾಗಿ ಜಾರಿಗೆ ಬರುವುದು ಚಾಲ್ತಿಯಲ್ಲಿರುವ ಗುತ್ತಿಗೆ ಮುಗಿದ ಮೇಲೆಯೇ. ಅಲ್ಲಿಯವರೆಗೆ ಅವನ ಹೊಲದಲ್ಲಿ ಬಂದೂಕಿನ ಸದ್ದು ನಿಲ್ಲದು.