ಇಶಾ ನಮಾಜಿನ ಹೊತ್ತು: ಮದೀನಾದಿಂದ ಮಂಡ್ಯದವರೆಗೆ

ಡಿಸೆಂಬರ್ 21ರಂದು ಮಂಡ್ಯದಲ್ಲಿ ಸೂರ್ಯ ಮುಳುಗುವುದು ಸಂಜೆ ಹೆಚ್ಚುಕಡಿಮೆ 6 ಗಂಟೆ 2 ನಿಮಿಷಕ್ಕೆ. ಅಂದು ಇಶಾ, ಅಂದರೆ ರಾತ್ರಿಯ ನಮಾಜಿನ ಹೊತ್ತು ಶುರುವಾಗುವುದು ಎಷ್ಟು ಗಂಟೆಗೆ? ಒಂದು ಲೆಕ್ಕ 7 ಗಂಟೆ 5 ನಿಮಿಷ ಎನ್ನುತ್ತದೆ, ಇನ್ನೊಂದು 7 ಗಂಟೆ 18 ನಿಮಿಷ ಎನ್ನುತ್ತದೆ, ಸೌದಿ ಅರೇಬಿಯಾದ ಪದ್ಧತಿ ಹಿಡಿದರೆ 7 ಗಂಟೆ 32 ನಿಮಿಷವಾಗುತ್ತದೆ. ಒಂದೇ ಊರು, ಒಂದೇ ಸಂಜೆ, ಮೂರು ಉತ್ತರ. ಒಂದೇ ಸಾಲಿನಲ್ಲಿ ಕೂತ ಮೂವರ ಮೊಬೈಲುಗಳು ಈ ಮೂರನ್ನೂ ತೋರಿಸಬಹುದು. ಇದರಲ್ಲಿ ಯಾರೂ ತಪ್ಪು ಮಾಡಿಲ್ಲ. ಮೂರರ ಹಿಂದೆಯೂ ಸಾವಿರದ ನಾನೂರು ವರ್ಷಗಳ ವಿಚಾರ, ವೀಕ್ಷಣೆ ಮತ್ತು ಗಣಿತ ಇದೆ.

ಝುಹರ್ ಮತ್ತು ಅಸರ್ ಹೊತ್ತನ್ನು ನೆರಳು ಹೇಳುತ್ತದೆ. ಮಗ್ರಿಬ್‌ಗೆ ಸೂರ್ಯ ಕಂತಿದರೆ ಸಾಕು. ಫಜ್ರ್‌ಗೆ ಮೂಡಣದಲ್ಲಿ ಬೆಳಕು ಅಡ್ಡಡ್ಡ ಹರಡಬೇಕು. ಇಶಾಕ್ಕೆ ಮಾತ್ರ ಪಡುವಣದ ಬೆಳಕು ಅಳಿಯಬೇಕು. ಬೆಳಕು ಯಾವ ಕ್ಷಣದಲ್ಲಿ ಇಲ್ಲವಾಯಿತು ಎಂದು ಹೇಳುವುದು ಅದು ಬಂದ ಕ್ಷಣವನ್ನು ಹೇಳುವುದಕ್ಕಿಂತ ಬಹಳ ಕಷ್ಟ. ಭಿನ್ನಾಭಿಪ್ರಾಯವೆಲ್ಲ ಹುಟ್ಟಿದ್ದು ಇಲ್ಲಿಂದಲೇ.

ಮೂಲ ಆಧಾರ ಅಬೂ ದಾವೂದ್ ಮತ್ತು ತಿರ್ಮಿದಿ ಸಂಗ್ರಹಗಳಲ್ಲಿರುವ ಇಬ್ನ್ ಅಬ್ಬಾಸರ ವರದಿ. ದೇವದೂತ ಜಿಬ್ರೀಲ್ ಎರಡು ದಿನ ಪ್ರವಾದಿ ಮುಹಮ್ಮದರಿಗೆ (ಸ) ನಮಾಜು ಮಾಡಿಸಿ ತೋರಿಸಿದರು. ಇಶಾವನ್ನು ಮೊದಲ ದಿನ ಶಫಕ್, ಅಂದರೆ ಸೂರ್ಯಾಸ್ತದ ನಂತರ ಉಳಿಯುವ ಬೆಳಕು, ಮರೆಯಾದಾಗ, ಎರಡನೆಯ ದಿನ ರಾತ್ರಿಯ ಮೂರನೇ ಒಂದು ಭಾಗ ಕಳೆದಾಗ ಮಾಡಿಸಿದರು. ಹೀಗೆ ಹೊತ್ತಿಗೆ ಒಂದು ಆರಂಭವೂ ಒಂದು ವಿಸ್ತಾರವೂ ಸಿಕ್ಕಿತು. ಆ ವಿಸ್ತಾರವನ್ನು ಪ್ರವಾದಿಯವರು ಬಳಸಿದ ಬಗೆ ನನಗೆ ಬಹಳ ಮುಖ್ಯವೆನಿಸುತ್ತದೆ. ಜಾಬಿರರ ವರದಿಯ ಪ್ರಕಾರ, ಜನ ಬೇಗ ಸೇರಿದರೆ ಇಶಾವನ್ನು ಬೇಗ ಮಾಡುತ್ತಿದ್ದರು, ತಡವಾದರೆ ತಾವೂ ತಡ ಮಾಡುತ್ತಿದ್ದರು. ಒಂದು ರಾತ್ರಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಹೆಂಗಸರು ಮಕ್ಕಳು ನಿದ್ದೆಹೋದರು ಎಂದು ಉಮರ್ ಕೂಗಿ ಹೇಳಿದ ಮೇಲೆ ಬಂದರು. ಸಮುದಾಯಕ್ಕೆ ಕಷ್ಟವಾಗದಿದ್ದರೆ ಇದೇ ಇದರ ಹೊತ್ತು ಎಂಬರ್ಥದ ಮಾತನ್ನೂ ಹೇಳಿದರು. ತಡ ಮಾಡುವುದು ಉತ್ತಮ, ಆದರೆ ಜನರ ದಣಿವು ಅದಕ್ಕಿಂತ ದೊಡ್ಡದು.

ಮುಆದ್ ಇಬ್ನ್ ಜಬಲರ ಪ್ರಸಂಗ ಇದಕ್ಕೆ ಸೇರಿದ್ದೇ. ಅವರು ಪ್ರವಾದಿಯವರ ಹಿಂದೆ ಇಶಾ ಮುಗಿಸಿ ತಮ್ಮವರ ಬಳಿಗೆ ಹೋಗಿ ಅಲ್ಲಿ ಇಮಾಮತ್ ಮಾಡುತ್ತಿದ್ದರು. ಒಂದು ರಾತ್ರಿ ಅಲ್‌ಬಕರದಂಥ ಉದ್ದದ ಸೂರಾ ಎತ್ತಿಕೊಂಡರು. ತೋಟಕ್ಕೆ ನೀರೆತ್ತುವ ಎರಡು ಒಂಟೆಗಳನ್ನು ಹೊಡೆದುಕೊಂಡು ಕತ್ತಲಲ್ಲಿ ಬಂದ ಒಬ್ಬ ದುಡಿಮೆಗಾರ ಜಮಾಅತ್ ಸೇರಿದ, ನಿಲ್ಲಲಾಗದೆ ಬೇರೆಯಾಗಿ ನಮಾಜು ಮುಗಿಸಿ ಹೊರಟ. ದೂರು ಪ್ರವಾದಿಯವರ ಬಳಿ ಹೋದಾಗ ಗದರಿಕೆ ಬಿದ್ದದ್ದು ಮುಆದರಿಗೆ, ಆ ನೀರಿನವನಿಗಲ್ಲ. ಹಿಂದೆ ಮುದುಕರು, ನಿತ್ರಾಣರು, ಕೆಲಸವಿದ್ದವರು ನಿಂತಿರುತ್ತಾರೆ, ಚಿಕ್ಕ ಸೂರಾ ಓದು ಎಂದರು. ರಾತ್ರಿ ತ್ರೀಫೇಸ್ ಕರೆಂಟು ಬಂದಾಗ ಎದ್ದು ಪಂಪ್‌ಸೆಟ್ ಹಾಕಿ ಕಬ್ಬಿಗೆ ನೀರು ಕಟ್ಟಬೇಕಾದ ಮದ್ದೂರು, ಮಳವಳ್ಳಿಯ ರೈತನಿಗೆ ಈ ಪ್ರಸಂಗವನ್ನು ವಿವರಿಸಿ ಹೇಳಬೇಕಿಲ್ಲ.

ಮುಂದಿನ ಪ್ರಶ್ನೆ ಕಾನೂನು ಪಂಡಿತರದು: ಮರೆಯಾಗಬೇಕಾದ ಶಫಕ್ ಯಾವುದು? ಸೂರ್ಯಾಸ್ತದ ನಂತರ ಮೊದಲು ಕೆಂಪು ಇರುತ್ತದೆ. ಅದು ಹೋದ ಮೇಲೂ ಅದೇ ಜಾಗದಲ್ಲಿ ತೆಳುವಾದ ಬಿಳುಪು ಉಳಿದಿರುತ್ತದೆ. ಕೆಂಪು ಹೋದರೆ ಸಾಕೆಂದರು ಇಮಾಮ್ ಮಾಲಿಕ್, ಶಾಫಿಈ ಮತ್ತು ಅಹ್ಮದ್ ಇಬ್ನ್ ಹಂಬಲ್. 767ರಲ್ಲಿ ತೀರಿಕೊಂಡ ಇಮಾಮ್ ಅಬೂ ಹನೀಫಾ ಬಿಳುಪೂ ಹೋಗಬೇಕು ಎಂದರು. ಅವರ ಇಬ್ಬರು ಮುಖ್ಯ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಶೈಬಾನಿ ಈ ವಿಷಯದಲ್ಲಿ ಗುರುವಿನ ಜೊತೆ ಹೋಗದೆ ಕೆಂಪಿನ ಪಕ್ಷ ಹಿಡಿದರು. ಮಂಡ್ಯ ಸೀಮೆಯ ಉರ್ದು ಮನೆಮಾತಿನ ಮುಸ್ಲಿಮರು ಬಹುತೇಕ ಹನಫಿಗಳು. ಭಟ್ಕಳದ ನವಾಯತರು, ಮಂಗಳೂರಿನ ಬ್ಯಾರಿಗಳು ಶಾಫಿಈಗಳು. ಕರ್ನಾಟಕದೊಳಗೇ ಎರಡೂ ಪಕ್ಷಗಳಿವೆ.

ಬಿಳುಪಿನ ಪಕ್ಷದ ಕಷ್ಟವನ್ನು ತೋರಿಸಲು ಹಳೆಯ ಗ್ರಂಥಗಳು ವೈಯಾಕರಣ ಖಲೀಲ್ ಇಬ್ನ್ ಅಹ್ಮದನ ಮಾತನ್ನು ಉದಾಹರಿಸುತ್ತವೆ. ಅಲೆಕ್ಸಾಂಡ್ರಿಯದ ಮಿನಾರು ಹತ್ತಿ ನೋಡುತ್ತ ನಿಂತರೂ ಬಿಳುಪು ದಿಗಂತದಲ್ಲಿ ಅಲೆಯುತ್ತಲೇ ಇತ್ತು, ಮುಳುಗಿದ್ದನ್ನು ತಾನು ಕಾಣಲಿಲ್ಲ ಎಂದನಂತೆ. ಅವನು ಕಂಡದ್ದು ಸಂಜೆಯ ಬಿಳುಪೇ ಇರಲಿಕ್ಕಿಲ್ಲ ಎಂದು ಇಂದು ಊಹಿಸಬಹುದು. ಗ್ರಹಗಳ ನಡುವಿನ ಧೂಳಿನ ಮೇಲೆ ಬಿದ್ದ ಬಿಸಿಲು ಕತ್ತಲಾದ ಮೇಲೂ ಮಂಕಾದ ಬೆಳಕಾಗಿ ಕಾಣುತ್ತದೆ. ಬೆಳಗಿನ ಜಾವ ಇದೇ ಬೆಳಕು ಸುಳ್ಳು ಬೆಳಗಾಗಿ ಮೋಸ ಮಾಡುತ್ತದೆ. ನಮ್ಮ ಅಕ್ಷಾಂಶದಲ್ಲಿ ಫೆಬ್ರವರಿ, ಮಾರ್ಚ್ ಸಂಜೆಗಳಲ್ಲಿ, ದೀಪಗಳಿಲ್ಲದ ಹೊಲದಲ್ಲಿ ನಿಂತರೆ, ಪಡುವಣದಲ್ಲಿ ಓರೆಯಾಗಿ ಮೇಲೇರಿದ ಈ ಬೆಳಕು ಚೆನ್ನಾಗಿ ಕಾಣುತ್ತದೆ.

ಕಣ್ಣಿನ ಈ ಜಗಳವನ್ನು ಕೋನಕ್ಕೆ ಇಳಿಸಿದವರು ಖಗೋಳಜ್ಞರು. ಸೂರ್ಯ ದಿಗಂತದ ಕೆಳಗೆ ಎಷ್ಟು ಡಿಗ್ರಿ ಇಳಿದಾಗ ಬೆಳಕು ಮುಗಿಯುತ್ತದೆ ಎಂಬುದು ಅವರ ಪ್ರಶ್ನೆ. 11ನೇ ಶತಮಾನದಲ್ಲಿ ಅಲ್‌ಬಿರೂನಿ 18 ಡಿಗ್ರಿಯ ಲೆಕ್ಕ ಕೊಟ್ಟ. ಅದೇ ಶತಮಾನದ ಸ್ಪೇನಿನ ಇಬ್ನ್ ಮುಆದ್ ಅಲ್‌ಜಯ್ಯಾನಿ ಸಂಧ್ಯಾಬೆಳಕಿನ ಮೇಲೆಯೇ ಒಂದು ಪುಸ್ತಕ ಬರೆದು, ಅದರಿಂದ ವಾತಾವರಣದ ಎತ್ತರವನ್ನೇ ಲೆಕ್ಕ ಹಾಕಿದ. 13ನೇ ಶತಮಾನದಿಂದ ಈಜಿಪ್ಟ್, ಸಿರಿಯಾದ ದೊಡ್ಡ ಮಸೀದಿಗಳಲ್ಲಿ ಮುವಕ್ಕಿತ್ ಎಂಬ ಹುದ್ದೆಯೇ ಬಂತು. ನಮಾಜಿನ ಹೊತ್ತು ಲೆಕ್ಕ ಮಾಡುವುದೇ ಅವನ ಕೆಲಸ. ಡಮಾಸ್ಕಸ್‌ನ ಉಮಯ್ಯಾ ಮಸೀದಿಯ ಮುವಕ್ಕಿತ್ ಆಗಿದ್ದ ಇಬ್ನ್ ಶಾತಿರ್ (1304–1375) ಆ ಕಾಲದ ಅತಿದೊಡ್ಡ ಖಗೋಳಜ್ಞರಲ್ಲಿ ಒಬ್ಬ. ಅವನ ಚಂದ್ರನ ಮಾದರಿಗೂ ಮುಂದೆ ಕೋಪರ್ನಿಕಸ್ ಕೊಟ್ಟದ್ದಕ್ಕೂ ಇರುವ ಹೋಲಿಕೆ ಇಂದಿಗೂ ಚರ್ಚೆಯ ವಿಷಯ. ಸಂಬಳ ಮಾತ್ರ ಐದು ಹೊತ್ತಿನ ಲೆಕ್ಕಕ್ಕೆ.

ಬೆಳಕು ಅಳಿಯದೇ ಇರುವ ಊರಿನಲ್ಲಿ ಏನು ಗತಿ? 922ರಲ್ಲಿ ಬಾಗ್ದಾದಿನ ದೂತ ಇಬ್ನ್ ಫದ್ಲಾನ್ ವೋಲ್ಗಾ ತೀರದ ಬುಲ್ಗಾರರ ನಾಡಿಗೆ ಹೋಗಿದ್ದ. ಅಲ್ಲಿನ ರಾಜನ ದರ್ಜಿಯೊಬ್ಬ ಬಾಗ್ದಾದಿನವನು. ಇಬ್ಬರೂ ಗುಡಾರದಲ್ಲಿ ಇಶಾ ಅಜಾನಿಗೆ ಕಾಯುತ್ತ ಮಾತಾಡುತ್ತಿದ್ದರು. ಅಜಾನ್ ಕೇಳಿ ಹೊರಗೆ ಬಂದರೆ ಬೆಳಗಾಗಿತ್ತು! ಇದು ಯಾವ ಅಜಾನ್ ಎಂದು ಕೇಳಿದರೆ ಮುಅಜ್ಜಿನ್ ಫಜ್ರ್ ಎಂದ, ಇಶಾವನ್ನು ಇಲ್ಲಿ ಮಗ್ರಿಬ್ ಜೊತೆಗೇ ಮುಗಿಸುತ್ತೇವೆ ಎಂದ. ಫಜ್ರ್ ತಪ್ಪೀತೆಂಬ ಭಯದಿಂದ ತಾನು ಒಂದು ತಿಂಗಳಿಂದ ರಾತ್ರಿ ಮಲಗಿಲ್ಲ ಎಂದೂ ಹೇಳಿದ. ಅಂಥ ನಾಡಿನಲ್ಲಿ ಇಶಾ ಕಡ್ಡಾಯವೇ ಅಲ್ಲ ಎಂದ ಹನಫಿ ಪಂಡಿತರೂ ಇದ್ದರು. 1870ರಲ್ಲಿ ಕಜಾನ್‌ನ ಶಿಹಾಬುದ್ದೀನ್ ಮರ್ಜಾನಿ ಅದನ್ನು ಖಂಡಿಸಿ, ಶಫಕ್ ಮರೆಯಾಗದಿದ್ದರೂ ಇಶಾ ಕಡ್ಡಾಯವೇ ಎಂದು ಇಡೀ ಗ್ರಂಥ ಬರೆದರು. ಇಂದು ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡಿಗ ಮುಸ್ಲಿಮ್ ಕುಟುಂಬಗಳಿಗೆ ಪ್ರತಿ ಜೂನ್‌ನಲ್ಲೂ ಎದುರಾಗುವುದು ಇದೇ ಪ್ರಶ್ನೆ. ಲಂಡನ್ನಿನಲ್ಲಿ ನಡುಬೇಸಿಗೆಯಲ್ಲಿ ಸೂರ್ಯ 18 ಡಿಗ್ರಿ ಇಳಿಯುವುದೇ ಇಲ್ಲ.

ನಮ್ಮ ಸೀಮೆಗೆ ಬರೋಣ. ಮಂಡ್ಯ ಜಿಲ್ಲೆಗೇ ಸೇರಿದ ಶ್ರೀರಂಗಪಟ್ಟಣದಲ್ಲಿ ಮಸ್ಜಿದೆ ಆಲಾ ಕಟ್ಟಿಸಿದ ಟಿಪ್ಪು ಸುಲ್ತಾನ್ ಕಾಲಗಣನೆಯಲ್ಲಿ ಆಸಕ್ತಿ ಇದ್ದವನು. ಮೌಲೂದಿ ಎಂಬ ಹೊಸ ಶಕೆಯನ್ನೇ ಜಾರಿಗೆ ತಂದ, ಅದರಲ್ಲಿ ನಮ್ಮ ಪಂಚಾಂಗದಂತೆ ಅರವತ್ತು ಸಂವತ್ಸರಗಳ ಚಕ್ರವೂ ಇತ್ತು. ಆಗ ಹೊತ್ತು ಆಯಾ ಊರಿನ ಆಕಾಶದ್ದು. 1880ರ ದಶಕದಲ್ಲಿ ಬೆಂಗಳೂರು–ಮೈಸೂರು ರೈಲು ಮದ್ದೂರು, ಮಂಡ್ಯದ ಮೇಲೆ ಹಾದಾಗ ರೈಲಿನ ಗಡಿಯಾರವೂ ಬಂತು. 1906ರಲ್ಲಿ ಭಾರತೀಯ ಪ್ರಮಾಣ ಸಮಯ ಜಾರಿಯಾಯಿತು. ಅದರ ರೇಖಾಂಶ 82.5 ಡಿಗ್ರಿ, ಮಂಡ್ಯದ್ದು 76.9. ಹೀಗಾಗಿ ನಮ್ಮ ಕೈಗಡಿಯಾರ ನಮ್ಮ ಸೂರ್ಯನಿಗಿಂತ ಸರಾಸರಿ 22 ನಿಮಿಷ ಮುಂದಿದೆ. ಮಳವಳ್ಳಿ ತಾಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗೆ, ಆಮೇಲೆ ಬೆಂಗಳೂರಿಗೆ ಹೋಯಿತು. ವಿದ್ಯುದ್ದೀಪ ಹರಡಿದಂತೆಲ್ಲ ಪಡುವಣದ ತೆಳು ಬಿಳುಪು ಊರೊಳಗಿನ ಕಣ್ಣಿಗೆ ಕಾಣದಾಯಿತು. ಇಂದು ಪೇಟೆಯ ಮಸೀದಿಯ ಅಂಗಳದಿಂದ ಶಫಕ್ ನೋಡಿ ಇಶಾ ಹೇಳುವುದು ಆಗದ ಮಾತು, ವೇಳಾಪಟ್ಟಿಯೇ ಗತಿ.

ಭಾರತ, ಪಾಕಿಸ್ತಾನಗಳಲ್ಲಿ ರೂಢಿಯಲ್ಲಿರುವುದು 18 ಡಿಗ್ರಿ. ಉತ್ತರ ಅಮೆರಿಕದ ಇಸ್ಲಾಮಿಕ್ ಸಂಸ್ಥೆಯೊಂದರ ಹೆಸರಿನಲ್ಲಿ ಮೊಬೈಲುಗಳಲ್ಲಿ ಬರುವುದು 15. ಮಕ್ಕಾದ ಉಮ್ಮುಲ್ ಖುರಾ ಪದ್ಧತಿ ಕೋನವನ್ನೇ ಬಿಟ್ಟು ಮಗ್ರಿಬ್ ನಂತರ 90 ನಿಮಿಷ, ರಮಜಾನಿನಲ್ಲಿ 120 ನಿಮಿಷ ಎನ್ನುತ್ತದೆ. ಗಲ್ಫ್‌ನಿಂದ ರಜೆಗೆ ಬಂದವರ ಮೊಬೈಲು ಕೆಲವೊಮ್ಮೆ ಅದೇ ಲೆಕ್ಕದಲ್ಲಿ ಉಳಿದಿರುತ್ತದೆ. 18 ಡಿಗ್ರಿ ಹಿಡಿದು ಮಂಡ್ಯಕ್ಕೆ ಲೆಕ್ಕ ಮಾಡಿದರೆ ಸೂರ್ಯಾಸ್ತಕ್ಕೂ ಇಶಾಕ್ಕೂ ಅಂತರ ಮಾರ್ಚಿನಲ್ಲಿ ಸುಮಾರು 70 ನಿಮಿಷ, ಜೂನ್ ಕೊನೆಯಲ್ಲಿ 79. ಗಡಿಯಾರದಲ್ಲಿ ಇಶಾ ಆರಂಭ ನವೆಂಬರಿನಲ್ಲಿ 7 ಗಂಟೆ 8 ನಿಮಿಷದ ಆಸುಪಾಸು, ಜುಲೈ ಮೊದಲಲ್ಲಿ 8 ಗಂಟೆ 10 ದಾಟುತ್ತದೆ. ಮಾರ್ಚ್ 21ಕ್ಕೆ ರಾತ್ರಿಯ ಮೂರನೇ ಒಂದು ಭಾಗ ಕಳೆಯುವುದು ಸುಮಾರು 10 ಗಂಟೆ 7 ನಿಮಿಷಕ್ಕೆ, ಅರ್ಧ ರಾತ್ರಿ 11 ಗಂಟೆ 55ಕ್ಕೆ. ಹನಫಿಗಳಲ್ಲಿ ಇಶಾದ ಹೊತ್ತು ಫಜ್ರ್‌ವರೆಗೂ ಇರುತ್ತದೆ, ಆದರೆ ಕಾರಣವಿಲ್ಲದೆ ಅರ್ಧ ರಾತ್ರಿ ದಾಟಿಸುವುದು ಅಪ್ರಿಯ.

ಮಂಡ್ಯ, ಮದ್ದೂರು, ಮಳವಳ್ಳಿಗಳ ನಡುವೆ ವ್ಯತ್ಯಾಸ ಒಂದು ನಿಮಿಷದೊಳಗೆ. ಬೆಂಗಳೂರಿನಲ್ಲಿ ಅಚ್ಚಾದ ಪಟ್ಟಿಯನ್ನು ಮಂಡ್ಯದ ಗೋಡೆಗೆ ತೂಗುಹಾಕಿದರೆ ಮಾತ್ರ ಹೊತ್ತು ಸುಮಾರು 3 ನಿಮಿಷ ಮೊದಲೇ ಬರುತ್ತದೆ. ಜಮಾಅತ್ ಹೇಗೂ ತಡವಾಗಿ ನಿಲ್ಲುವುದರಿಂದ ಮಸೀದಿಯೊಳಗೆ ಇದು ಯಾರನ್ನೂ ಬಾಧಿಸುವುದಿಲ್ಲ. ಮನೆಯಲ್ಲಿ ನಮಾಜು ಮಾಡುವ ಹೆಂಗಸರಿಗೆ, ರಾತ್ರಿ ಪಾಳಿಗೆ ಹೊರಟವರಿಗೆ, ಗಡಿಯಾರ ನೋಡಿ ಉಪವಾಸ ಬಿಡುವವರಿಗೆ ಆ 3 ನಿಮಿಷ ಮುಖ್ಯ.

ಆದ್ದರಿಂದ ಮೂರೂ ಊರುಗಳ ಮಸೀದಿ ಕಮಿಟಿಗಳಲ್ಲಿ ನನ್ನ ಬಿನ್ನಹ ಇಷ್ಟು. ಫಲಕದಲ್ಲಿ ಇಶಾಕ್ಕೆ ಎರಡು ಸಾಲು ಇರಲಿ: ಹೊತ್ತು ಶುರುವಾಗುವುದು ಯಾವಾಗ, ಜಮಾಅತ್ ನಿಲ್ಲುವುದು ಯಾವಾಗ. ಮೊದಲನೆಯದು ನಿಮ್ಮದೇ ಊರಿನ ರೇಖಾಂಶದ ಮೇಲೆ, ಯಾವ ಡಿಗ್ರಿ ಎಂದು ಬರೆದು, ಲೆಕ್ಕ ಮಾಡಿದ್ದಾಗಿರಲಿ. ಎರಡನೆಯದನ್ನು ಕಬ್ಬಿನ ಗದ್ದೆಯಿಂದ ಬರುವವರನ್ನೂ ಅಂಗಡಿ ಮುಚ್ಚಿ ಬರುವವರನ್ನೂ ಕೇಳಿ ಗೊತ್ತುಮಾಡಿ. ಮಳೆ ತೊಳೆದ ನವೆಂಬರಿನ ಒಂದು ಸಂಜೆ ಮದರಸಾದ ಮಕ್ಕಳನ್ನು ವಿಶ್ವೇಶ್ವರಯ್ಯ ನಾಲೆಯ ಏರಿಗೆ ಕರೆದೊಯ್ದು, ಕೆಂಪು ಯಾವಾಗ ಹೋಯಿತು, ಬಿಳುಪು ಯಾವಾಗ ಹೋಯಿತು ಎಂದು ಅವರ ಕೈಯಲ್ಲೇ ಬರೆಸಿ, ಫಲಕದ ಜೊತೆ ಹೋಲಿಸಿ ನೋಡಿ.